ಪಕ್ಕದ ಮನೆಯವರು ಕೂಗಿದ ಮೇಲೆ ಕ್ಯಾಚ್ ನೋಡಿದೆ: ಡಿಶ್, ಆ್ಯಪ್, ರೇಡಿಯೊ

2024ರ ಜೂನ್ 29. ಬ್ರಿಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ಕೊನೆಯ ಓವರಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ 16 ರನ್ ಬೇಕು, ಕ್ರೀಸಿನಲ್ಲಿ ಡೇವಿಡ್ ಮಿಲ್ಲರ್. ನಮ್ಮ ಟಿವಿಯಲ್ಲಿ ಆ ಓವರ್ ಇನ್ನೂ ಶುರುವಾಗಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಿಂದ ಗೋಡೆ ಅದುರುವಂಥ ಕೂಗು. ಹಿಂದೆಯೇ ನನ್ನ ಫೋನು ಟಿಂಗ್ ಎಂದಿತು. ಅಣ್ಣನ ಮೆಸೇಜು: ‘ಏನ್ ಕ್ಯಾಚೋ ಮಾರಾಯ!’

ಆಮೇಲೆ ನಾನೂ ನೋಡಿದೆ. ಹಾರ್ದಿಕ್ ಪಾಂಡ್ಯ ಹಾಕಿದ ಫುಲ್‌ಟಾಸ್ ಅನ್ನು ಮಿಲ್ಲರ್ ಎತ್ತಿ ಹೊಡೆದರು. ಲಾಂಗ್ ಆಫ್ ಬೌಂಡರಿಯಲ್ಲಿ ಸೂರ್ಯಕುಮಾರ್ ಯಾದವ್ ಚೆಂಡು ಹಿಡಿದು, ಗೆರೆ ದಾಟುವ ಮೊದಲು ಮೇಲಕ್ಕೆ ಎಸೆದು, ಹೊರಗೆ ಹೋಗಿ, ಮತ್ತೆ ಒಳಗೆ ಬಂದು ಹಿಡಿದರು. ಚೆಂಡು ಗಾಳಿಯಲ್ಲಿರುವಾಗ ಅದು ಸಿಕ್ಸರೋ ಔಟೋ ಎಂದು ಜಗತ್ತೆಲ್ಲ ಉಸಿರು ಬಿಗಿಹಿಡಿದಿತ್ತು. ನಾನು ಮಾತ್ರ ಸೋಫಾದಲ್ಲಿ ಒರಗಿ, ಉತ್ತರ ಗೊತ್ತಿರುವ ಲೆಕ್ಕ ನೋಡುವ ಹಾಗೆ ನೋಡಿದೆ. ಭಾರತ 7 ರನ್ನಿನಿಂದ ಗೆದ್ದಿತು. ಖುಷಿಯಾಯಿತು, ಇಲ್ಲ ಅನ್ನಲ್ಲ. ಆದರೆ ಆ ಕ್ಯಾಚ್ ನನ್ನ ಕೈ ತಪ್ಪಿತು.

ತಪ್ಪು ನನ್ನದೇ. ಅದಕ್ಕೆ ಕೆಲವು ವಾರ ಮೊದಲು ಡಿಶ್ ಬಿಡಿಸಿ, ಒಂದು ಸ್ಟ್ರೀಮಿಂಗ್ ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿದ್ದೆ. ‘ಛಾವಣಿ ಮೇಲೆ ತಟ್ಟೆ, ಟಿವಿ ಹಿಂದೆ ವೈರು, ಇನ್ನೊಂದು ರಿಮೋಟು, ಇವೆಲ್ಲ ಯಾಕೆ?’ ಎಂದು ಮನೆಯಲ್ಲಿ ದೊಡ್ಡ ಭಾಷಣವನ್ನೂ ಮಾಡಿದ್ದೆ. ಈಗ ಮೂರನ್ನೂ ಬಳಸಿ ನೋಡಿದ್ದೇನೆ: ಡಿಶ್, ಆ್ಯಪ್, ಕೈಯಲ್ಲಿ ಹಿಡಿಯುವ ರೇಡಿಯೊ. ನೇರಪ್ರಸಾರಕ್ಕೆ ನನ್ನ ಓಟು ಡಿಶ್‌ಗೆ. ಅದನ್ನು ಮುಚ್ಚಿಟ್ಟು ಕುತೂಹಲ ಬೆಳೆಸುವ ಆಸೆ ನನಗಿಲ್ಲ.

ಮೊದಲು ಆ ತಡದ ವಿಷಯ ಮುಗಿಸುತ್ತೇನೆ. ನನ್ನ ನಿದ್ದೆ ಕೆಡಿಸಿದ್ದು ಅದೇ.

ಫೈನಲ್ ಮುಗಿದ ಮೇಲೆ ಬೇರೊಂದು ಪಂದ್ಯದ ದಿನ ಅಣ್ಣನಿಗೆ ಫೋನ್ ಹಚ್ಚಿದೆ. ಅವನ ಮನೆಯಲ್ಲಿ ಡಿಶ್. ‘ಬೌಲರ್ ಕೈಯಿಂದ ಚೆಂಡು ಬಿಟ್ಟ ಕೂಡಲೇ ಈಗ ಅನ್ನು’ ಎಂದೆ. ಅವನು ‘ಈಗ’ ಅಂದಾಗ ಸ್ಟಾಪ್‌ವಾಚ್ ಒತ್ತಿದೆ. ನನ್ನ ಟಿವಿಯಲ್ಲಿ ಅದೇ ಚೆಂಡು ಬರುವಷ್ಟರಲ್ಲಿ 38 ಸೆಕೆಂಡು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದರೆ 44. ಅಂದರೆ ಕೂತಲ್ಲೇ ಇನ್ನೂ ಹಿಂದೆ ಬಿದ್ದಿದ್ದೆ. ತಮಾಷೆ ಏನೆಂದರೆ, ಒಳಗಿನ ಕೋಣೆಯಲ್ಲಿ ಮಗ ಫೋನಿನಲ್ಲಿ ಅದೇ ಆ್ಯಪ್‌ನಲ್ಲಿ ಅದೇ ಪಂದ್ಯ ನೋಡುತ್ತಿದ್ದ. ಅವನು ನನಗಿಂತ ಆರು ಸೆಕೆಂಡು ಮುಂದಿದ್ದ! ಒಂದೇ ಮನೆ, ಒಂದೇ ವೈಫೈ, ಒಂದೇ ಚಂದಾ. ಫೋರ್ ಹೋದಾಗ ಮೊದಲು ಪಕ್ಕದ ಮನೆ ಕೂಗುತ್ತಿತ್ತು, ಆಮೇಲೆ ಮಗ, ಕೊನೆಗೆ ನಾನು. ಸಾಲಿನಲ್ಲಿ ಕೊನೆಯವನು ಚಂದಾ ಕಟ್ಟಿದವನೇ.

ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಹಾಕಿ ‘ಲೈವ್’ ಅಂತ ಬರೆದಿರುತ್ತಾರಲ್ಲ, ಅದನ್ನು ಒತ್ತಿ ಒತ್ತಿ ನೋಡಿದೆ. ಏನೂ ಆಗಲಿಲ್ಲ. ನಾವು ಲೈವ್‌ನಲ್ಲೇ ಇದ್ದೇವೆ ಎಂದು ಆ್ಯಪ್‌ ನಂಬಿಕೊಂಡಿದೆ. ವೈಫೈ ಬಿಟ್ಟು ರೂಟರ್‌ನಿಂದ ನೇರ ಕೇಬಲ್ ಎಳೆದೆ. ಚಿತ್ರ ತಡೆದು ನಿಲ್ಲುವುದು ಕಡಿಮೆಯಾಯಿತು, ತಡ ಹಾಗೇ ಉಳಿಯಿತು. ಚಿತ್ರದ ಗುಣಮಟ್ಟ ಇಳಿಸಿದೆ. ಚಿತ್ರ ಕೆಟ್ಟಿತು, ಅಷ್ಟೇ. ಆ್ಯಪ್‌ ಮುಚ್ಚಿ ತೆರೆದರೆ ತಡದಲ್ಲಿ ನಾಲ್ಕೈದು ಸೆಕೆಂಡು ಕಡಿಮೆಯಾಗುತ್ತಿತ್ತು. ಆದರೆ ಮುಚ್ಚಿ ತೆರೆಯುವಷ್ಟರಲ್ಲಿ ಒಂದು ವಿಕೆಟ್ ಬಿದ್ದಿರುತ್ತಿತ್ತು.

ಇದಕ್ಕೆ ಇಂಟರ್‌ನೆಟ್ ವೇಗ ಕಾರಣವಲ್ಲ ಅಂತ ಆಮೇಲೆ ಓದಿ ತಿಳಿದೆ. ಸ್ಟ್ರೀಮಿಂಗ್‌ನಲ್ಲಿ ಆಟ ನೀರಿನ ಹಾಗೆ ಹರಿದು ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಹೆಚ್ಚು ಕಡೆ ಬಳಸುವ ಎಚ್‌ಎಲ್‌ಎಸ್ ಎಂಬ ಪದ್ಧತಿಯನ್ನು ರೂಪಿಸಿದ್ದು ಆಪಲ್. ಅದರಲ್ಲಿ ಒಂದು ತುಂಡು 6 ಸೆಕೆಂಡಿನದಾಗಿರಲಿ ಎಂಬ ಸಲಹೆ ಇದೆ. ಆ ತುಂಡು ಪೂರ್ತಿ ತಯಾರಾಗುವ ತನಕ ಕಳಿಸಲು ಬರುವುದಿಲ್ಲ. ಜೊತೆಗೆ ನಮ್ಮ ಕಡೆಯ ಪ್ಲೇಯರ್ ಕನಿಷ್ಠ ಮೂರು ತುಂಡಿನಷ್ಟು ಹಿಂದಿನಿಂದ ಶುರು ಮಾಡಬೇಕು, ನಡುವೆ ನೆಟ್ ಕೈಕೊಟ್ಟರೂ ಚಿತ್ರ ನಿಲ್ಲಬಾರದು ಅಂತ. ಅಲ್ಲಿಗೇ 18 ಸೆಕೆಂಡು ಹೋಯಿತು. ಅದರ ಮೇಲೆ ವಿಡಿಯೊ ಕುಗ್ಗಿಸುವ ಹೊತ್ತು, ಸರ್ವರ್‌ನಿಂದ ಸರ್ವರ್‌ಗೆ ಸಾಗುವ ಹೊತ್ತು. ತಡ ಕಡಿಮೆ ಮಾಡುವ ಹೊಸ ರೂಪವನ್ನು ಆಪಲ್ 2019ರಲ್ಲೇ ಹೊರತಂದಿದೆ. ಆದರೆ ಒಂದೇ ಸಲ ಲಕ್ಷಗಟ್ಟಲೆ ಜನ ಬಂದು ಕೂರುವ ಪಂದ್ಯದಲ್ಲಿ, ಚಿತ್ರ ನಿಂತರೆ ಜನ ಬೈಯುತ್ತಾರೆ. ತಡವಾದರೆ ಅರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ. ನಾನು ಆ ಸೇವೆ ನಡೆಸುವವನಾಗಿದ್ದರೂ ತಡವನ್ನೇ ಆರಿಸುತ್ತಿದ್ದೆನೋ ಏನೋ.

ಡಿಶ್‌ನಲ್ಲಿ ಸಿಗ್ನಲ್ 35,786 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ವಾಪಸ್ ಬರುತ್ತದೆ. ಕೇಳಿದರೆ ದೊಡ್ಡ ದೂರ. ಆದರೆ ಹೋಗಿ ಬರಲು ಹಿಡಿಯುವುದು ಕಾಲು ಸೆಕೆಂಡಿನಷ್ಟು. ವಿಡಿಯೊ ಕುಗ್ಗಿಸಿ ಬಿಡಿಸುವುದಕ್ಕೆ ಇನ್ನು ಕೆಲವು ಸೆಕೆಂಡು. ತುಂಡು ಕೂಡಿಡುವ ಗೋಜೇ ಇಲ್ಲ. ಆಕಾಶಕ್ಕೆ ಹೋಗಿ ಬಂದದ್ದು ಬೀದಿಯ ಕೇಬಲ್‌ನಲ್ಲಿ ಬಂದದ್ದಕ್ಕಿಂತ ಮೊದಲು ಮನೆ ಸೇರುತ್ತದೆ ಅಂದರೆ ಮಗ ಇವತ್ತಿಗೂ ನಂಬುವುದಿಲ್ಲ.

ತಡ ಅಂದರೆ ಎಲ್ಲರಿಗೂ ತೊಂದರೆಯೇ? ಅಲ್ಲ. ಅದು ನನಗೆ ಗೊತ್ತಾಗಿದ್ದು 2019ರ ಜುಲೈ 14ನ್ನು ನೆನೆಸಿಕೊಂಡಾಗ. ಅವತ್ತು ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್, ಅದೇ ಊರಿನ ಇನ್ನೊಂದು ಕಡೆ ವಿಂಬಲ್ಡನ್ ಫೈನಲ್. ಟಿವಿಯಲ್ಲಿ ಡಿಶ್ ಮೂಲಕ ಕ್ರಿಕೆಟ್ ಹಾಕಿದ್ದೆ, ತೊಡೆಯ ಮೇಲೆ ಫೋನಿನಲ್ಲಿ ಟೆನಿಸ್. ಇಲ್ಲಿ ಫೀಲ್ಡರ್ ಎಸೆದ ಚೆಂಡು ರನ್ ಓಡುತ್ತಿದ್ದ ಬೆನ್ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋಗಿ ಒಟ್ಟು 6 ರನ್ ಬಂತು. ಅಲ್ಲಿ ಐದನೇ ಸೆಟ್‌ನಲ್ಲಿ ಫೆಡರರ್ 8-7 ಮುಂದಿದ್ದು, ತನ್ನ ಸರ್ವ್‌ನಲ್ಲೇ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ (ಗೆದ್ದರೆ ಕಪ್ಪೇ ಸಿಗುವ ಪಾಯಿಂಟ್) ಕಳೆದುಕೊಂಡರು. 4 ಗಂಟೆ 57 ನಿಮಿಷದ ಆ ಪಂದ್ಯವನ್ನು ಜೊಕೊವಿಚ್ ಟೈಬ್ರೇಕರ್‌ನಲ್ಲಿ ಗೆದ್ದರು. ಕ್ರಿಕೆಟ್‌ನಲ್ಲಿ ಪಂದ್ಯ ಟೈ ಆಗಿ, ಸೂಪರ್ ಓವರೂ 15-15 ಆಗಿ, ಇಂಗ್ಲೆಂಡ್ ಬೌಂಡರಿ ಲೆಕ್ಕದಲ್ಲಿ 26-17ರಿಂದ ಕಪ್ ಎತ್ತಿತು. ಆ ನಿಯಮದ ಬಗ್ಗೆ ನನಗೆ ಈಗಲೂ ಸಿಟ್ಟಿದೆ, ಅದಿರಲಿ.

ಫೋನಿನ ಟೆನಿಸ್ ಖಂಡಿತ ತಡವಾಗಿಯೇ ಬಂದಿರಬೇಕು. ಫೆಡರರ್ ಮ್ಯಾಚ್ ಪಾಯಿಂಟ್‌ಗೆ ಸರ್ವ್ ಮಾಡುವಾಗ ನಾನು ಕಣ್ಣು ಮುಚ್ಚಿಕೊಂಡೆನಲ್ಲ, ಅಷ್ಟರಲ್ಲಿ ಅಲ್ಲಿ ಆ ಪಾಯಿಂಟ್ ಮುಗಿದೇ ಹೋಗಿತ್ತು. ಆದರೆ ನನ್ನ ಎದೆ ಸರಿಯಾದ ಹೊತ್ತಿಗೇ ಹೊಡೆದುಕೊಂಡಿತು. ಯಾಕೆಂದರೆ ನನ್ನ ಸುತ್ತಮುತ್ತ ಟೆನಿಸ್ ನೋಡುವವರು ಯಾರೂ ಇರಲಿಲ್ಲ. ಕೂಗುವವರಿಲ್ಲ, ಮೆಸೇಜು ಹಾಕುವವರಿಲ್ಲ. ಒಬ್ಬನೇ ನೋಡುವ ಆಟಕ್ಕೆ ಆ್ಯಪ್‌ ಸಾಕು. ನಾಲ್ಕು ಜನ ನೋಡುವ ಆಟಕ್ಕೆ ಸಾಲದು.

ಚಿತ್ರ ನಿಂತುಹೋಗುವ ಕಾಟ ಮಾತ್ರ ಒಬ್ಬನೇ ಇದ್ದರೂ ಬಿಡುವುದಿಲ್ಲ. 2022ರ ಡಿಸೆಂಬರ್ 18, ಅರ್ಜೆಂಟೀನಾ ಮತ್ತು ಫ್ರಾನ್ಸ್ ಫುಟ್‌ಬಾಲ್ ಫೈನಲ್. ಪ್ರಯಾಣದಲ್ಲಿದ್ದೆ, ಫೋನೇ ಗತಿ. ಅರ್ಜೆಂಟೀನಾ 2-0 ಮುಂದಿತ್ತು, ಆಟ ಮುಗಿಯಿತು ಅಂದುಕೊಂಡಿದ್ದೆ. 80ನೇ ನಿಮಿಷದ ಹೊತ್ತಿಗೆ ಚಿತ್ರ ನಿಂತು ಚಕ್ರ ತಿರುಗತೊಡಗಿತು. ಮತ್ತೆ ಬಂದಾಗ ಸ್ಕೋರು 2-2. ಎಂಬಾಪೆ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆದಿದ್ದರು, ನಾನು ಒಂದನ್ನೂ ನೋಡಲಿಲ್ಲ. ಮೊದಲು ಅದು ಸ್ಕೋರು ತೋರಿಸುವವರ ತಪ್ಪು ಅಂತಲೇ ತಿಳಿದೆ.

ಡಿಶ್ ಏನು ದೇವರಲ್ಲ. ಜೋರು ಮಳೆ ಬಂದರೆ ಚಿತ್ರ ಚೌಕ ಚೌಕವಾಗಿ ಒಡೆದು, ಕೊನೆಗೆ ‘ಸಿಗ್ನಲ್ ಇಲ್ಲ’ ಅನ್ನುತ್ತದೆ. ಮಳೆ ನಿಂತ ಮೇಲೆ ತಾನೇ ಸರಿಹೋಗುತ್ತದೆ. ತಟ್ಟೆ ಸ್ವಲ್ಪ ಅಲುಗಿದರೂ ಯಾರಾದರೂ ಮೇಲೆ ಹತ್ತಬೇಕು.

ರೆಕಾರ್ಡಿಂಗ್ ವಿಷಯದಲ್ಲಿ ಡಿಶ್ ಸೋತಿತು. 2012ರ ಆಸ್ಟ್ರೇಲಿಯನ್ ಓಪನ್ ಫೈನಲ್ ಅನ್ನು ಸೆಟ್‌ಟಾಪ್ ಬಾಕ್ಸ್‌ನಲ್ಲಿ ನಾಲ್ಕು ಗಂಟೆಗೆ ರೆಕಾರ್ಡ್ ಹಾಕಿ ಹೊರಗೆ ಹೋಗಿದ್ದೆ. ಜೊಕೊವಿಚ್ ಮತ್ತು ನಡಾಲ್ ಆಡಿದ್ದು 5 ಗಂಟೆ 53 ನಿಮಿಷ. ಮುಖ್ಯವಾದ ಆಟವೆಲ್ಲ ಪೆಟ್ಟಿಗೆಯ ಹೊರಗೆ ಉಳಿಯಿತು. ನನ್ನ ಪೆಟ್ಟಿಗೆಯನ್ನು ಬೈದು ಪ್ರಯೋಜನವಿಲ್ಲ. 2010ರಲ್ಲಿ ಇಸ್ನರ್ ಮತ್ತು ಮಾಹು ಮೂರು ದಿನ ಆಡಿದಾಗ ವಿಂಬಲ್ಡನ್‌ನ ಸ್ಕೋರ್‌ಬೋರ್ಡೇ 47-47ಕ್ಕೆ ನಿಂತುಹೋಗಿತ್ತು, ಅದರಾಚೆ ಎಣಿಸಲು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಐದನೇ ಸೆಟ್ ಮುಗಿದದ್ದು 70-68ಕ್ಕೆ!

ಆ್ಯಪ್‌ನಲ್ಲಿ ಈ ರಗಳೆ ಇಲ್ಲ, ಪೂರ್ತಿ ಪಂದ್ಯ ಮರುದಿನವೂ ಇರುತ್ತದೆ. ಒಂದೇ ಎಚ್ಚರ: ತೆರೆಯುವ ಮೊದಲೇ ಕಪ್ ಹಿಡಿದವರ ಫೋಟೊ ಹಾಕಿರುತ್ತಾರೆ. ಫೋಟೊ ತಪ್ಪಿಸಿಕೊಂಡರೂ ಕೆಳಗೆ ವಿಡಿಯೊದ ಉದ್ದ ಕಾಣುತ್ತದೆ. ಐದು ಗಂಟೆಯ ವಿಡಿಯೊ ಅಂದರೆ ಐದು ಸೆಟ್ ಅಂತಲೇ ಅರ್ಥ. ಮೂರನೇ ಸೆಟ್‌ನಲ್ಲಿ ಯಾರು ಎಷ್ಟು ಮುಂದಿದ್ದರೂ ಎದೆ ಹೊಡೆದುಕೊಳ್ಳುವುದಿಲ್ಲ.

ರೇಡಿಯೊಗೆ ಹೆಚ್ಚು ಮಾತು ಬೇಡ. ಗಾಳಿಯಲ್ಲಿ ಬರುವ ಹಳೇ ರೇಡಿಯೊ ಮೂರರಲ್ಲೂ ಮುಂದೆ, ಡಿಶ್‌ಗಿಂತಲೂ. ನೆಟ್‌ನಲ್ಲಿ ಕೇಳುವ ರೇಡಿಯೊಗೆ ಮಾತ್ರ ಆ್ಯಪ್‌ನ ಕಾಯಿಲೆಯೇ ಇದೆ. ಟಿವಿಯ ಸದ್ದು ಮುಚ್ಚಿ ರೇಡಿಯೊ ಕಾಮೆಂಟ್ರಿ ಹಚ್ಚುವ ಹಳೇ ಚಟವನ್ನು ಆ್ಯಪ್‌ ಜೊತೆ ಮಾಡಿ ನೋಡಿದೆ. ಕಿವಿಯಲ್ಲಿ ಬ್ಯಾಟರ್ ಪೆವಿಲಿಯನ್ ಸೇರಿದ್ದ, ಕಣ್ಣ ಮುಂದೆ ಇನ್ನೂ ಗಾರ್ಡ್ ತೆಗೆದುಕೊಳ್ಳುತ್ತಿದ್ದ. ಅಡುಗೆ ಮಾಡುವಾಗ, ನಡೆಯುವಾಗ ರೇಡಿಯೊ ಚೆನ್ನ. ಕೆಲವು ಆಟಕ್ಕೆ ಮಾತೇ ಗತಿ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ತಂಡ 17ಕ್ಕೆ 5 ವಿಕೆಟ್ ಕಳೆದುಕೊಂಡಿದ್ದಾಗ ಕಪಿಲ್ ದೇವ್ ಹೊಡೆದ ಅಜೇಯ 175ರ ವಿಡಿಯೊ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಅದನ್ನು ಟಿವಿಯವರು ಚಿತ್ರೀಕರಿಸಿರಲಿಲ್ಲ.

ಸ್ಕೋರ್ ಆ್ಯಪ್‌ಗಳನ್ನು ಸ್ಪರ್ಧೆಗೇ ಸೇರಿಸಿಲ್ಲ. ಆದರೆ ಸ್ಟ್ರೀಮಿಂಗ್‌ನಲ್ಲೇ ನೋಡುವವರು ಮೊದಲು ಅವುಗಳ ನೋಟಿಫಿಕೇಷನ್ ಬಂದ್ ಮಾಡಿ. ಪಕ್ಕದ ಮನೆಯವರನ್ನಾದರೂ ಕ್ಷಮಿಸಬಹುದು, ಸ್ವಂತ ಫೋನೇ ಗುಟ್ಟು ಒಡೆದರೆ ಯಾರ ಹತ್ತಿರ ಹೇಳುವುದು?

ಈಗ ನನ್ನ ಏರ್ಪಾಡು ಹೀಗಿದೆ. ಡಿಶ್ ವಾಪಸ್ ಹಾಕಿಸಿದ್ದೇನೆ, ಕ್ರೀಡಾ ಚಾನೆಲ್‌ಗಳ ಚಿಕ್ಕ ಪ್ಯಾಕ್ ಮಾತ್ರ, ತಿಂಗಳು ತಿಂಗಳು. ದೊಡ್ಡ ಟೂರ್ನಿ ಇಲ್ಲದ ತಿಂಗಳು ಅದೂ ಇಲ್ಲ. ಆ್ಯಪ್‌ನ ವರ್ಷದ ಚಂದಾ ಮುಗಿದ ಮೇಲೆ ಮತ್ತೆ ವರ್ಷಕ್ಕೆ ಕಟ್ಟಲಿಲ್ಲ, ಟೆನಿಸ್ ಗ್ರ್ಯಾನ್‌ಸ್ಲಾಮ್ ಇರುವ ತಿಂಗಳಿಗೆ ಮಾತ್ರ ತೆಗೆದುಕೊಳ್ಳುತ್ತೇನೆ. ಎರಡೂ ಸೇರಿದರೂ ವರ್ಷಕ್ಕೆ ಮೊದಲಿಗಿಂತ ಜಾಸ್ತಿ ಏನೂ ಆಗುತ್ತಿಲ್ಲ. ನೀವು ರಾತ್ರಿ ಹತ್ತಕ್ಕೆ ಮನೆಗೆ ಬಂದು ಆರಾಮಾಗಿ ಪಂದ್ಯ ನೋಡುವವರಾದರೆ, ಸುಮ್ನೆ ಆ್ಯಪ್‌ ಇಟ್ಟುಕೊಳ್ಳಿ. ನನಗೆ ಹಾಗೆ ಆಗುವುದಿಲ್ಲ. ಅಣ್ಣನ ಜೊತೆ ಚೆಂಡು ಚೆಂಡಿಗೂ ಮೆಸೇಜಿನಲ್ಲಿ ಜಗಳ ಆಡದಿದ್ದರೆ ಅದು ಪಂದ್ಯವೇ ಅಲ್ಲ.

ಅಂದಹಾಗೆ, ಹೋದ ತಿಂಗಳು ಅಣ್ಣ ಡಿಶ್ ತೆಗೆಸಿ ಆ್ಯಪ್‌ ಹಾಕಿಸಿಕೊಂಡಿದ್ದಾನೆ. ನಾನು ಹೇಳಿದ್ದು ಕೇಳಲಿಲ್ಲ. ಈಗ ವಿಕೆಟ್ ಬಿದ್ದರೆ ನಾನು ಮೆಸೇಜು ಟೈಪ್ ಮಾಡಿ ಇಟ್ಟುಕೊಂಡು ನಲವತ್ತು ಎಣಿಸುತ್ತೇನೆ. ಒಮ್ಮೊಮ್ಮೆ ಇಪ್ಪತ್ತಕ್ಕೇ ಕಳಿಸಿಬಿಡುತ್ತೇನೆ.