ಬಿಟ್‌ಲಾಕರ್ ದೀರ್ಘ ಬಳಕೆಯ ವಿಮರ್ಶೆ: ಪಿನ್ ಹಾಕದಿದ್ದರೆ ಅರ್ಧ ಬೀಗ

ವಿಂಡೋಸ್ ಪ್ರೊ ಲ್ಯಾಪ್‌ಟಾಪ್‌ಗಳಲ್ಲಿ ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ ಇದು. ಬಿಟ್‌ಲಾಕರ್ ಅಂದರೆ ಡಿಸ್ಕಿನ ಡೇಟಾವನ್ನು ಕೀ ಇಲ್ಲದೆ ಓದಲಾಗದಂತೆ ಗೂಢಲಿಪಿಗೆ ತಿರುಗಿಸುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸ್ ಸೌಲಭ್ಯ. ಅದರ ಎನ್‌ಕ್ರಿಪ್ಶನ್ ಗಟ್ಟಿ, ಆದರೆ ತಾನಾಗಿ ಬರುವ ಸೆಟ್ಟಿಂಗ್ ಗಟ್ಟಿಯಲ್ಲ. ಅದು ಬಳಸುವ ಎಕ್ಸ್‌ಟಿಎಸ್-ಎಇಎಸ್ 128 ಬಿಟ್ ಗೂಢಲಿಪಿ ವಿಧಾನವನ್ನು ಮುರಿಯಲು ಯಾರೂ ಹೋಗುವುದಿಲ್ಲ, ಕೀ ಎಲ್ಲಿ ಸಿಗುತ್ತದೋ ಅಲ್ಲಿಗೆ ಕೈ ಹಾಕುತ್ತಾರೆ.

ವಿಂಡೋಸ್ ಶುರುವಾಗುವ ಮೊದಲೇ ಕೇಳುವ ಪಿನ್ ಇಲ್ಲದಿದ್ದರೆ ಪವರ್ ಬಟನ್ ಒತ್ತಿದ ಕೂಡಲೇ ಕೀ ಕಾಯುವ ಟಿಪಿಎಂ ಚಿಪ್ ಯಾರನ್ನೂ ಏನೂ ಕೇಳದೆ ಕೀ ಬಿಟ್ಟುಕೊಡುತ್ತದೆ. ಚಿಪ್ ಮದರ್‌ಬೋರ್ಡ್ ಮೇಲೆ ಪ್ರತ್ಯೇಕವಾಗಿದ್ದರೆ ಆ ಕೀ ಚಿಪ್‌ನಿಂದ ಸಿಪಿಯು ಕಡೆಗೆ ಹೋಗುವ ಎಲ್‌ಪಿಸಿ ಅಥವಾ ಎಸ್‌ಪಿಐ ಗೆರೆಗಳಲ್ಲಿ ಬಯಲಾಗಿಯೇ ಹರಿಯುತ್ತದೆ. 2024ರ ಫೆಬ್ರುವರಿಯಲ್ಲಿ ಸಂಶೋಧಕರೊಬ್ಬರು ಹತ್ತು ಡಾಲರಿಗೂ ಅಗ್ಗದ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಸರ್ಕ್ಯೂಟನ್ನು ಹಳೆಯ ಲೆನೊವೊ ಲ್ಯಾಪ್‌ಟಾಪಿನ ಬೋರ್ಡಿಗೆ ಒತ್ತಿ ಹಿಡಿದು, 43 ಸೆಕೆಂಡಿನಲ್ಲಿ ಕೀ ತೆಗೆದು ತೋರಿಸಿದರು. ಟಿಪಿಎಂ ಸಿಪಿಯು ಒಳಗೇ ಇದ್ದರೆ ಈ ದಾರಿ ಮುಚ್ಚುತ್ತದೆ. ಆದರೆ ಅದೇ ವರ್ಷದ ಡಿಸೆಂಬರಿನ 38ಸಿ3 ಹ್ಯಾಕರ್ ಸಮಾವೇಶದಲ್ಲಿ ತೋರಿಸಿದ ಬಿಟ್‌ಪಿಕ್ಸಿ ದಾಳಿಗೆ ಲ್ಯಾಪ್‌ಟಾಪ್ ಬಿಚ್ಚುವ ಅಗತ್ಯವೂ ಇಲ್ಲ: ದೋಷವಿರುವ ಹಳೆಯ ಬೂಟ್‌ಲೋಡರನ್ನು (ವಿಂಡೋಸ್ ಶುರು ಮಾಡುವ ಪ್ರೋಗ್ರಾಂ) ನೆಟ್‌ವರ್ಕ್ ಕೇಬಲಿನಿಂದ ಓಡಿಸಿದರೆ ಕೀ ರ‍್ಯಾಮಿನಲ್ಲಿ ಉಳಿಯುತ್ತದೆ, ಅಲ್ಲಿಂದ ಓದಿಕೊಳ್ಳಬಹುದು.

ಕಳ್ಳನ ಕೈಗೆ ಸಿಕ್ಕ ಲ್ಯಾಪ್‌ಟಾಪಿನಲ್ಲಿ ಈ ಎರಡಕ್ಕೂ ತಡೆ ಪಿನ್. ವಿಂಡೋಸ್‌ನ ನಿಯಮಗಳನ್ನು ಹೊಂದಿಸುವ ಗ್ರೂಪ್ ಪಾಲಿಸಿಯಲ್ಲಿ ಬಿಟ್‌ಲಾಕರ್ ಡ್ರೈವ್ ಎನ್‌ಕ್ರಿಪ್ಶನ್, ಆಪರೇಟಿಂಗ್ ಸಿಸ್ಟಮ್ ಡ್ರೈವ್ಸ್ ಒಳಗೆ ‘ರಿಕ್ವೈರ್ ಅಡಿಷನಲ್ ಅಥೆಂಟಿಕೇಷನ್ ಅಟ್ ಸ್ಟಾರ್ಟಪ್’ ಎನೇಬಲ್ ಮಾಡಿ. ಕೆಳಗಿನ ನಾಲ್ಕೂ ಆಯ್ಕೆ ‘ಅಲೌ’ನಲ್ಲೇ ಇರಲಿ, ಒಂದನ್ನು ಮಾತ್ರ ‘ರಿಕ್ವೈರ್’ ಮಾಡಿ ಉಳಿದವನ್ನು ಹಾಗೇ ಬಿಟ್ಟರೆ ಪಾಲಿಸಿಗಳು ಒಂದಕ್ಕೊಂದು ತಾಳೆಯಾಗದೆ ಎರರ್ ಬರುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಆಮೇಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಮ್ಯಾನೇಜ್-ಬಿಡಿಇ (manage-bde) ಕಮಾಂಡಿನಿಂದ ಸಿ ಡ್ರೈವಿಗೆ ‘ಟಿಪಿಎಂ ಅಂಡ್ ಪಿನ್’ ಸೇರಿಸಿ. ಕನಿಷ್ಠ 6 ಅಂಕೆ ಬೇಕು. ಅದೇ ಕಮಾಂಡಿನ ಸ್ಟೇಟಸ್ ನೋಡಿ, ಬರೀ ‘ಟಿಪಿಎಂ’ ಎಂಬ ಸಾಲು ಉಳಿದಿರಬಾರದು.

ಸ್ಟೇಟಸ್‌ನಲ್ಲಿ ‘ಹಾರ್ಡ್‌ವೇರ್ ಎನ್‌ಕ್ರಿಪ್ಶನ್’ ಎಂದಿದ್ದರೆ, ಅಂದರೆ ಆ ಕೆಲಸವನ್ನು ಡಿಸ್ಕೇ ಮಾಡುತ್ತಿದ್ದರೆ, ಡಿಕ್ರಿಪ್ಟ್ ಮಾಡಿ, ಸಾಫ್ಟ್‌ವೇರ್ ಎನ್‌ಕ್ರಿಪ್ಶನ್‌ನಲ್ಲಿ ಮತ್ತೆ ಹಾಕಿ. ಕ್ರೂಶಿಯಲ್, ಸ್ಯಾಮ್‌ಸಂಗ್‌ನ ಕೆಲವು ಎಸ್‌ಎಸ್‌ಡಿಗಳು ಡೇಟಾವನ್ನು ಸರಿಯಾಗಿ ಕಾಯುತ್ತಿರಲಿಲ್ಲ ಎಂದು ನೆದರ್‌ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2018ರಲ್ಲೇ ತೋರಿಸಿದ್ದಾರೆ. ಹಳೆಯ ಫೈಲ್ ಇದ್ದ ಡಿಸ್ಕಿಗೆ ‘ಯೂಸ್ಡ್ ಸ್ಪೇಸ್ ಓನ್ಲಿ’ (ಬಳಸಿದ ಜಾಗಕ್ಕೆ ಮಾತ್ರ ಎನ್‌ಕ್ರಿಪ್ಶನ್) ಆಯ್ಕೆ ಬೇಡ, ಅಳಿಸಿದ ಫೈಲುಗಳು ಖಾಲಿ ಜಾಗದಲ್ಲಿ ಹಾಗೇ ಬಿದ್ದಿರುತ್ತವೆ.

ಸ್ಲೀಪ್‌ನಿಂದ ಎದ್ದರೆ ಪಿನ್ ಕೇಳುವುದಿಲ್ಲ, ಕೀ ರ‍್ಯಾಮಿನಲ್ಲೇ ಇರುತ್ತದೆ. ಮುಚ್ಚಳ ಮುಚ್ಚಿದರೆ ಹೈಬರ್ನೇಟ್ (ಪೂರ್ತಿ ಆರಿ, ಎದ್ದಾಗ ಪಿನ್ ಕೇಳುವ ಸ್ಥಿತಿ) ಆಗುವಂತೆ ಇಡಿ.

ನಿಜವಾದ ಕಾಟ ಬಯೋಸ್ ಅಪ್‌ಡೇಟಿನದು. ಮೊದಲು ಬಿಟ್‌ಲಾಕರನ್ನು ‘ಸಸ್ಪೆಂಡ್’ ಮಾಡದಿದ್ದರೆ, ಬೂಟ್ ಹೊತ್ತಿನಲ್ಲಿ ಟಿಪಿಎಂ ತಾಳೆ ನೋಡುವ ಅಳತೆ ಬದಲಾಗಿ ನೀಲಿ ಪರದೆ ಬಂದು 48 ಅಂಕೆಗಳ ರಿಕವರಿ ಕೀ ಕೇಳುತ್ತದೆ, ಆರಾರು ಅಂಕೆಯ ಎಂಟು ಗುಂಪು. ಅದು ಇಲ್ಲದಿದ್ದರೆ ಡೇಟಾ ಹೋದ ಹಾಗೇ. ಎರಡು ಪ್ರಿಂಟ್ ತೆಗೆದು ಬೇರೆ ಬೇರೆ ಕಡೆ ಇಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಂತೂ ಬೇಡ.

ಐದಕ್ಕೆ ನಾಲ್ಕು, ಪಿನ್ ಹಾಕಿದರೆ ಮಾತ್ರ. ಹೋಮ್ ಆವೃತ್ತಿಯಲ್ಲಿ ಪಿನ್ ಸೌಲಭ್ಯ ಇಲ್ಲ, ಅಲ್ಲಿ ವೆರಾಕ್ರಿಪ್ಟ್ ಎಂಬ ಬೇರೆ ಎನ್‌ಕ್ರಿಪ್ಶನ್ ತಂತ್ರಾಂಶ ನೋಡಿ.