ಮೈನ್ಸ್‌ಗೆ ಆಳು ಕಳಿಸೋ ಲೇಬರ್ ಕಂಟ್ರಾಕ್ಟರ್ ಸರ್ವಿಸು: ಒಂದೇ ಸ್ಟಾರು, ಅದೂ ಬಸ್ಸಿಗೆ

ಹೆಸರು ಹಾಕಲ್ಲ, ಹಾಕಿದ್ರೆ ನಮ್ಮೂರಿಂದ ಇನ್ನೂ ಹೋಗ್ತಿರೋ ಹುಡುಗ್ರ ಹಾಜರಿ ನಾಳೆಯಿಂದ್ಲೇ ಬಂದ್ ಆಗುತ್ತೆ. ಸಂಡೂರು ಕಡೆ ಅದಿರು ಮೈನ್ಸ್‌ಗೆ ಆಳು ಕಳಿಸೋ ಕಂಟ್ರಾಕ್ಟರು ಅಂದ್ರೆ ಸಾಕು. 2023ರಲ್ಲಿ ಏಳು ತಿಂಗಳು ಇವರ ಕೈಕೆಳಗೆ ಇದ್ದೆ. ಕೆಲಸ ಏನಂದ್ರೆ ಅದಿರು ಜರಡಿ ಹಿಡಿಯೋ ಸ್ಕ್ರೀನಿಂಗ್ ಪ್ಲಾಂಟಲ್ಲಿ ಬೆಲ್ಟ್ ಕೆಳಗೆ ಬಿದ್ದ ಮಣ್ಣು ಎತ್ತೋದು, ಲಾರಿ ಲೋಡ್ ಆದ್ಮೇಲೆ ಮೇಲೆ ಹತ್ತಿ ತಾಡಪಾಲು ಕಟ್ಟೋದು.

ಒಳ್ಳೇದು ಮೊದ್ಲು ಹೇಳ್ಬಿಡ್ತೀನಿ. ಬಸ್ಸು ಬೆಳಗ್ಗೆ ಐದಕ್ಕೆ ಕರೆಕ್ಟಾಗಿ ಬರುತ್ತೆ, ಒಂದಿನಾನೂ ತಪ್ಪಿಲ್ಲ. ಆಳು ಲೇಟಾದ್ರೆ ಲಾರಿ ಲೈನಲ್ಲಿ ನಿಲ್ಲುತ್ತಲ್ಲ, ಅದಕ್ಕೆ.

ಇನ್ನು ಪಗಾರಕ್ಕೆ ಬರ್ತೀನಿ. ಸೇರ್ಸ್ಕೊಳೋವಾಗ ದಿನಕ್ಕೆ 520 ಅಂದ್ರು, ಖುಷಿಯಾಯ್ತು. ಮೊದಲ್ನೇ ತಿಂಗಳು 26 ದಿನ ಹೋಗಿದೀನಿ, ಲೆಕ್ಕದಲ್ಲಿ 23 ಹಾಜರಿ. ಯಾಕಣ್ಣಾ ಅಂದ್ರೆ ನಾಲ್ಕು ದಿನ ಅದಿರು ಸಾಗಿಸೋ ಪರ್ಮಿಟ್ ಬಂದಿಲ್ಲ, ಲಾರಿ ಬಂದಿಲ್ಲ, ನೀವು ಸುಮ್ನೆ ಕೂತಿದ್ರಿ, ಅದಕ್ಕೆ ಅರ್ಧ ಅರ್ಧ ಹಾಜರಿ, ಇನ್ನೊಂದಿನ ಗೇಟಿಗೆ ಲೇಟು ಅಂತೆ (ಅವತ್ತು ಅವರ ಬಸ್ಸಲ್ಲೇ ಬಂದಿದೀನಿ!). ಸರಿ, 23ಕ್ಕೆ 11,960 ಆಯ್ತು. ಅದ್ರಲ್ಲಿ ಪಿಎಫ್ ಅಂತ 2,990 ಹಿಡಿದ್ರು. ನಮ್ಮ ಪಾಲು ನೂರಕ್ಕೆ 12, ಅಂದ್ರೆ 1,435, ಉಳಿದದ್ದು ಅವರು ತಮ್ಮ ಜೇಬಿಂದ ಕಟ್ಟಬೇಕಾದದ್ದು, ಅದನ್ನೂ ನಮ್ಮ ತಲೆ ಮೇಲೇ ಹಾಕಿದ್ರು. ಆಮೇಲೆ ಶೂ, ಹೆಲ್ಮೆಟ್‌ಗೆ 600. ಗಣಿ ಕಾನೂನಲ್ಲಿ ಇವನ್ನ ಫ್ರೀಯಾಗಿ ಕೊಡ್ಬೇಕು ಅಂತ ಐತೆ, ನಮಗೇನು ಗೊತ್ತು ಆಗ. ಬಸ್ಸು, ಕ್ಯಾಂಟೀನು ಅಂತ 700. ಕೈಗೆ ಬಂದದ್ದು 7,670, ದಿನಕ್ಕೆ 295. ನನ್ನ ಪಾಲಿನ ಪಿಎಫ್ ಸೇರಿಸಿ ನೋಡಿದ್ರೆ 350 ಆಗುತ್ತೆ. ಆ 350 ಏನು ಗೊತ್ತಾ, 2017ರಲ್ಲಿ ಕೇಂದ್ರ ಸರ್ಕಾರ ಮೈನ್ಸಲ್ಲಿ ನೆಲದ ಮೇಲಿನ ಅನ್‌ಸ್ಕಿಲ್ಡ್ ಕೆಲಸಕ್ಕೆ ಇಟ್ಟ ದಿನದ ಕನಿಷ್ಠ ಕೂಲಿಯ ಬೇಸಿಕ್ಕು. ಅದ್ರ ಮೇಲೆ ವಿಡಿಎ (ಬೆಲೆ ಏರಿದಂಗೆ ಏರೋ ತುಟ್ಟಿಭತ್ಯೆ) ಅಂತ ಏಪ್ರಿಲ್ 1ಕ್ಕೆ, ಅಕ್ಟೋಬರ್ 1ಕ್ಕೆ ಏರ್ತಾ ಬಂದದ್ದು ನಮ್ಮ ಹತ್ರ ಬರ್ಲೇ ಇಲ್ಲ.

ಅದೂ ಎಷ್ಟು ಗಂಟೆಗೆ ಅಂತೀರಿ, ಬೆಳಗ್ಗೆ ಆರಕ್ಕೆ ಡ್ಯೂಟಿ ಹತ್ತಿದ್ರೆ ಸಂಜೆ ಆರು. ಆಗ ಇದ್ದ ಮೈನ್ಸ್ ಕಾಯ್ದೆ ಪ್ರಕಾರ ನೆಲದ ಮೇಲಿನ ಕೆಲಸಕ್ಕೆ ದಿನಕ್ಕೆ 9, ವಾರಕ್ಕೆ 48 ಗಂಟೆ ಇತ್ತು, ಅದ್ರ ಮೇಲೆ ಮಾಡಿದ್ರೆ ಓಟಿ (ಓವರ್‌ಟೈಮ್) ಅಂತ ಡಬಲ್ ಕೂಲಿ. ನಮ್ಮ ಮಸ್ಟರ್ ಬುಕ್ಕಲ್ಲಿ (ಹಾಜರಿ ಪುಸ್ತಕ) ಮಾತ್ರ ಎಲ್ಲರಿಗೂ ದಿನಾ 8 ಗಂಟೆ, ಏಳು ತಿಂಗಳೂ ಒಂದೇ ಅಂಕಿ, ಒಂದೇ ಪೆನ್ನು.

ನನ್ನ ಪಕ್ಕದಲ್ಲೇ ಕಂಪನಿ ಪರ್ಮನೆಂಟ್ ಹೆಲ್ಪರು ಅದೇ ಹಗ್ಗ ಎಳೀತಾನೆ, ಅದೇ ಕೆಂಪು ಧೂಳು ಕುಡೀತಾನೆ, ಅವನ ಪಗಾರ ನಮ್ಮ ಮೂರರಷ್ಟು. ಒಂದೇ ಥರದ ಕೆಲಸಕ್ಕೆ ಕಂಟ್ರಾಕ್ಟ್ ಆಳಿಗೂ ಅದೇ ಕೂಲಿ ಅಂತ 1971ರ ಕೇಂದ್ರದ ಗುತ್ತಿಗೆ ಕಾರ್ಮಿಕ ನಿಯಮದಲ್ಲೇ ಇತ್ತು. ಸೂಪರ್‌ವೈಜರ್‌ಗೆ ಕೇಳಿದ್ರೆ ಅಪ್ಪಿ, ಜಾಸ್ತಿ ಮಾತಾಡ್ಬೇಡ, 2011 ನೆನಪೈತಲ್ಲ ಅಂತಾನೆ. ಅವತ್ತು ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿದಾಗ ನಮ್ಮ ಕಾಕಾ ಎರಡು ತಿಂಗಳ ಕೂಲಿ ಕಳ್ಕೊಂಡ, ಲೆಕ್ಕ ಕೊಡೋಕೆ ಯಾರೂ ಸಿಗ್ಲಿಲ್ಲ. ಅಕ್ರಮ ಮಾಡಿದ್ದು ಯಾರೋ, ಆ ಹೆಸರು ಹೇಳಿ ಹೆದರಿಸೋದು ತಾಡಪಾಲು ಕಟ್ಟೋ ನಮ್ಮನ್ನ.

ಬಿಡೋವಾಗ ಕೊನೇ ತಿಂಗಳ ದುಡ್ಡು ಕೊಡದೇ ಸತಾಯಿಸಿದ್ರು. ತಾಲೂಕಿನ ಲೇಬರ್ ಆಫೀಸಿಗೆ ಹೋದೆ, ಮೈನ್ಸು ಕೇಂದ್ರದ್ದು, ಇಲ್ಲಿ ಆಗಲ್ಲ ಅಂದ್ರು, ಅದು ನಿಜಾನೇ, ಒಂದಿನ ಕೂಲಿ ಹೋಯ್ತು. ಕೇಂದ್ರದ ಲೇಬರ್ ಕಮಿಷನರ್ ಆಫೀಸಿಗೆ ಅರ್ಜಿ ಹಾಕ್ದೆ. ಕಂಟ್ರಾಕ್ಟರ್ ಕೊಡದಿದ್ರೆ ಗಣಿ ಕಂಪನಿನೇ ಕೂಲಿ ಕೊಟ್ಟು ಆಮೇಲೆ ಅವನ ಬಿಲ್ಲಲ್ಲಿ ಹಿಡ್ಕೋಬೇಕು ಅಂತ ಅಲ್ಲೇ ಗೊತ್ತಾಗಿದ್ದು. ನೋಟಿಸ್ ಹೋದ ಹದಿನೈದು ದಿನಕ್ಕೆ ಆ ತಿಂಗಳ ದುಡ್ಡು ಅಕೌಂಟಿಗೆ ಬಂತು. ಓಟಿ ಮಾತ್ರ ಬರ್ಲಿಲ್ಲ, ಮಸ್ಟರಲ್ಲಿ 8 ಅಂತ ಐತಲ್ಲ, ನನ್ನ ಹತ್ರ ಬರೆದಿಟ್ಟದ್ದು ಏನೂ ಇರ್ಲಿಲ್ಲ. ನೀವು ಹೋಗೋದಾದ್ರೆ ಹತ್ತು ರೂಪಾಯಿ ನೋಟ್‌ಬುಕ್ಕಲ್ಲಿ ದಿನಾ ಡ್ಯೂಟಿ ಹತ್ತಿದ್ದು, ಇಳಿದದ್ದು ಟೈಮ್ ಬರ್ಕೊಳ್ರಿ, ಗೇಟ್ ಪಾಸ್ ಫೋಟೋ ಹೊಡ್ಕೊಳ್ರಿ.

ಪಿಎಫ್ ಪಾಸ್‌ಬುಕ್ ತೆಗೆದು ನೋಡಿದ್ರೆ ಏಳರಲ್ಲಿ ನಾಲ್ಕೇ ತಿಂಗಳು ಕಟ್ಟೌರೆ. ಕೆಲಸ ಬಿಟ್ಟ ತಾರೀಕೂ ಅವರು ಹಾಕಿರ್ಲಿಲ್ಲ, ಕೊನೇ ಸಲ ಕಟ್ಟಿ ಎರಡು ತಿಂಗಳಾದ್ಮೇಲೆ ನಾವೇ ಆನ್‌ಲೈನಲ್ಲಿ ಹಾಕ್ಬಹುದು, ಹಂಗೇ ಹಾಕಿ ಆ ನಾಲ್ಕು ತಿಂಗಳದ್ದು ತಗೊಂಡೆ. ಮೂರು ತಿಂಗಳದ್ದಕ್ಕೆ ಕಂಪ್ಲೇಂಟ್ ಕೊಟ್ಟಿದೀನಿ, ಇನ್ನೂ ಪೆಂಡಿಂಗ್ ಅಂತಾನೇ ತೋರಿಸ್ತೈತೆ.