12 ದಿನಗಳ ಪ್ರಸಂಗಿ ಓದು: 5ನೇ ದಿನಕ್ಕೆ ನಿಲ್ಲಿಸಿದರೆ ನಷ್ಟ

ಆಸ್ತಿಯಲ್ಲಿ ಸಿಗದ ತೃಪ್ತಿಯನ್ನು ದೇವರಲ್ಲಿ ಹುಡುಕುವವರಿಗೆ, ಬೈಬಲ್ ಆ್ಯಪ್‌ಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ಬೈಬಲ್‌ನ ‘ಪ್ರಸಂಗಿ’ ಪುಸ್ತಕವನ್ನು (ಅದರಲ್ಲಿ ಮಾತಾಡುವವನ ಹೆಸರೂ ಅದೇ) ಮುಗಿಸುವ ಓದಿನ ಯೋಜನೆ ಒಳ್ಳೆಯ ಆಯ್ಕೆ. 12 ಅಧ್ಯಾಯ, 222 ವಚನ. ದಿನಕ್ಕೆ ಹತ್ತು ನಿಮಿಷ ಸಾಕು. ಹಂಚಿಕೆ ಮಾತ್ರ ಸರಿಯಿಲ್ಲ.

2ನೇ ಅಧ್ಯಾಯಕ್ಕೆ ಒಂದೇ ದಿನ ಕೊಟ್ಟದ್ದು ಜಿಪುಣತನ. ಮನೆ, ದ್ರಾಕ್ಷಿತೋಟ, ಕೆರೆ, ದನಕುರಿ, ಬೆಳ್ಳಿಬಂಗಾರ, ಗಾಯಕರು ಎಲ್ಲವನ್ನೂ ಕೂಡಿಹಾಕಿ ನೋಡಿದವನ ವರದಿ ಅದು. ಕೈಗೆಟುಕದವನ ವೈರಾಗ್ಯವಲ್ಲ ಎನ್ನುವುದರಲ್ಲೇ ಅದರ ತೂಕವಿದೆ. 11ನೇ ವಚನದವರೆಗೆ ಒಂದು ದಿನ ಓದಿ. ಗಳಿಸಿದ್ದು ಜಾಣನ ಕೈ ಸೇರುತ್ತದೋ ದಡ್ಡನ ಕೈ ಸೇರುತ್ತದೋ ಎಂಬ ಚಿಂತೆ 18ರಿಂದ ಶುರುವಾಗುತ್ತದೆ; ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ನಿಜವಾದ ಎಡವಟ್ಟು 5ನೇ ದಿನದ್ದು. 5:10ರಿಂದ (5ನೇ ಅಧ್ಯಾಯದ 10ನೇ ವಚನ) 6:9ರವರೆಗೆ ನಡೆಯುವುದು ಒಂದೇ ವಾದ. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ್ದು. ಯೋಜನೆ ಅದನ್ನೇ ಅನುಸರಿಸಿ ವಾದವನ್ನು ನಡುವೆ ಕತ್ತರಿಸುತ್ತದೆ. ಹಣ ಹೆಚ್ಚಿದಷ್ಟೂ ತಿನ್ನುವವರು ಹೆಚ್ಚುತ್ತಾರೆ, ದುಡಿದವನಿಗೆ ನಿದ್ದೆ ಬರುತ್ತದೆ, ಸಿರಿವಂತನಿಗೆ ಬರುವುದಿಲ್ಲ, ಒಂದು ಕೆಟ್ಟ ವ್ಯವಹಾರದಲ್ಲಿ ಎಲ್ಲ ಹೋಗುತ್ತದೆ: ಇದು ಮೊದಲ ಭಾಗ. ಆಮೇಲೆ 5:19 ಹೇಳುವುದು, ಸಂಪತ್ತಷ್ಟೇ ಅಲ್ಲ, ಅದನ್ನು ಅನುಭವಿಸುವ ಶಕ್ತಿಯೂ ದೇವರ ವರ. 6:2ರ ಮನುಷ್ಯನಿಗೆ ಮೊದಲನೆಯದು ಸಿಕ್ಕಿದೆ, ಎರಡನೆಯದು ಸಿಕ್ಕಿಲ್ಲ. ಇವೆರಡನ್ನೂ ಒಂದೇ ಸಲಕ್ಕೆ ಓದದಿದ್ದರೆ ಪ್ರಸಂಗಿ ಬರೀ ನಿರಾಶಾವಾದಿ ಎನಿಸುತ್ತಾನೆ. 5ನೇ ಅಧ್ಯಾಯದ ಮೊದಲ 9 ವಚನಗಳನ್ನು 4ನೇ ದಿನಕ್ಕೆ ಸೇರಿಸಿದರೆ ಈ ತೊಂದರೆ ತಪ್ಪುತ್ತದೆ.

ಓದುವಾಗ 2:24, 3:12-13, 5:18, 8:15, 9:7 ಇವುಗಳಿಗೆ ಗುರುತು ಹಾಕಿಕೊಳ್ಳಿ. ಊಟ, ದುಡಿಮೆ, ಸಂತೋಷವನ್ನು ದೇವರ ಕೈಯಿಂದ ಪಡೆಯುವ ಮಾತು ಇಲ್ಲೆಲ್ಲ ಮರುಕಳಿಸುತ್ತದೆ. ಪುಸ್ತಕದ ಬೆನ್ನೆಲುಬು ಇದೇ, ಆದರೆ ದಿನದ ಟಿಪ್ಪಣಿಗಳು ಸಾಮಾನ್ಯವಾಗಿ ‘ಎಲ್ಲವೂ ವ್ಯರ್ಥ’ ಎಂಬ ಅದರ ಪ್ರಸಿದ್ಧ ಮಾತಿನ ಸುತ್ತಲೇ ಸುತ್ತುತ್ತವೆ.

ಜೊತೆಗೆ ಓದಲು ಬೈಬಲ್‌ನಲ್ಲೇ ಇರುವ, ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 6ನೇ ಅಧ್ಯಾಯ ಸೂಕ್ತ. 10ನೇ ವಚನ ದೂರುವುದು ಹಣವನ್ನಲ್ಲ, ಹಣದಾಸೆಯನ್ನು. 17-19 ಸಿರಿವಂತರಿಗೆ ಆಸ್ತಿ ಬಿಟ್ಟು ಓಡಿ ಎನ್ನದೆ, ನಂಬಿಕೆಯನ್ನು ದೇವರ ಮೇಲಿಟ್ಟು ಧಾರಾಳವಾಗಿ ಕೊಡಿ ಎನ್ನುತ್ತವೆ. ಕೆಟ್ಟವರ ಏಳಿಗೆ ಕಂಡು ಹೊಟ್ಟೆ ಉರಿಯುತ್ತಿದ್ದರೆ ಕೀರ್ತನೆ 73 ಮೊದಲು.

ಆ್ಯಪ್‌ನಲ್ಲಿ ‘ಸತತ ಎಷ್ಟು ದಿನ ಓದಿದಿರಿ’ ಎಂಬ ಎಣಿಕೆ ಇದ್ದರೆ, ಅದರ ನೋಟಿಫಿಕೇಶನ್ ಆಫ್ ಮಾಡಿ. ಕೂಡಿಡುವ ಚಟ ಬಿಡಿಸುವ ಓದಿಗೆ ಅಂಕಿ ಕೂಡಿಸುವ ಆಟ ಏಕೆ? ದಿನ ತಪ್ಪಿದರೆ ಎರಡು ಅಧ್ಯಾಯ ಒಟ್ಟಿಗೆ ಓಡಿಸುವುದೂ ಬೇಡ, ಬಿಟ್ಟಲ್ಲಿಂದ ಮುಂದುವರಿಸಿ.

ಈ ಯೋಜನೆ ಎಲ್ಲರಿಗೂ ಒಗ್ಗುವುದಿಲ್ಲ. ಪ್ರಸಂಗಿ ಹೆಚ್ಚಾಗಿ ಉಳ್ಳವನ ಜಾಗದಿಂದ ಮಾತಾಡುತ್ತಾನೆ. ಸಾಲ, ಹಸಿವಿನಲ್ಲಿರುವವರಿಗೆ ಅದನ್ನೇ ಕೈಗಿಟ್ಟರೆ ಉಪದೇಶದಂತೆ ಚುಚ್ಚುತ್ತದೆ. ಅವರಿಗೆ ಬೈಬಲ್‌ನ ಜ್ಞಾನೋಕ್ತಿ ಪುಸ್ತಕದ 30:8-9ರಿಂದ ಶುರುಮಾಡಿ: ಅಲ್ಲಿನ ಬೇಡಿಕೆ ಬಡತನವೂ ಬೇಡ, ಐಶ್ವರ್ಯವೂ ಬೇಡ, ಬೇಕಾದಷ್ಟು ಆಹಾರ ಸಾಕು ಎಂಬುದು.